ಗುಡಿಸದೆ ಉಳಿದ ನಾಲ್ಕು ದಿನ

2022ರ ಜೂನ್ 30, ಗುರುವಾರ. ನಮ್ಮ ಬೀದಿಯನ್ನು ಹನ್ನೊಂದು ವರ್ಷಗಳಿಂದ ಗುಡಿಸುತ್ತಿದ್ದ ಅಕ್ಕ ಅಂದು ಬೆಳಿಗ್ಗೆ ನಮ್ಮ ಗೇಟಿನ ಮುಂದೆ ತಳ್ಳುಗಾಡಿಯನ್ನು ನಿಲ್ಲಿಸಿ, ನಾಳೆಯಿಂದ ತಾವು ಯಾರೂ ಕೆಲಸಕ್ಕೆ ಬರುವುದಿಲ್ಲವೆಂದೂ, ಎಲ್ಲರೂ ಧರಣಿಗೆಂದು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗುತ್ತಿರುವುದಾಗಿಯೂ, ಎಷ್ಟು ದಿನ ಹಿಡಿಯುತ್ತದೆಯೋ ತಿಳಿಯದೆಂದೂ ಹೇಳಿದರು. ನಮ್ಮಿಂದ ಏನಾಗಬೇಕು ಎಂದು ನಾನು ಕೇಳಿದೆ. ಬಸ್ಸಿನ ಖರ್ಚಿಗೆ ಹಣವನ್ನೋ ಮಧ್ಯಾಹ್ನದ ಊಟವನ್ನೋ ಕೇಳಬಹುದೆಂಬ ಎಣಿಕೆ ನನಗಿತ್ತು. ಆಕೆ ಒಂದು ಕ್ಷಣ ಯೋಚಿಸಿ, "ಕಸ ಬಿದ್ದೈತೆ ಅಂತ ಯಾರೂ ಆಫೀಸಿಗೆ ಫೋನ್ ಮಾಡಬೇಡಿ. ಮಾಡಿದ್ರೂ, ಮೊದಲು ಅವರನ್ನ ಕಾಯಂ ಮಾಡಿ ಅಂತ ಹೇಳಿ ಇಡಿ. ಅಷ್ಟು ಸಾಕು" ಎಂದರು.

ಆ ಮಾತಿನ ತೂಕ ನನಗೆ ಅರ್ಥವಾಗಲು ಮುಂದಿನ ನಾಲ್ಕು ದಿನಗಳು ಬೇಕಾದವು. ಕಾರ್ಖಾನೆಯ ಕೆಲಸಗಾರರು ಕೆಲಸ ನಿಲ್ಲಿಸಿದರೆ ಯಂತ್ರ ನಿಲ್ಲುತ್ತದೆ, ಉತ್ಪಾದನೆ ನಿಲ್ಲುತ್ತದೆ, ಮಾಲೀಕನಿಗೆ ಆ ದಿನವೇ ನಷ್ಟ ಆರಂಭವಾಗುತ್ತದೆ. ಬೀದಿ ಗುಡಿಸುವವರು ಕೆಲಸ ನಿಲ್ಲಿಸಿದಾಗ ಪಾಲಿಕೆಗೆ ಹಾಗೆ ತಕ್ಷಣ ನಷ್ಟವಾಗುವುದಿಲ್ಲ; ತೊಂದರೆ ಮೊದಲು ತಟ್ಟುವುದು ಬೀದಿಯಲ್ಲಿ ವಾಸಿಸುವವರಿಗೆ. ಪಾಲಿಕೆಗೆ ಬಿಸಿ ಮುಟ್ಟುವುದು ನಮ್ಮ ದೂರುಗಳ ಮೂಲಕ ಮಾತ್ರ. ಆ ದೂರು "ಅವರನ್ನು ಕೂಡಲೇ ಕೆಲಸಕ್ಕೆ ಕರೆಸಿ" ಎಂಬ ರೂಪದಲ್ಲಿ ಹೋದರೆ ಅದು ಮುಷ್ಕರವನ್ನು ಮುರಿಯುವ ಆಯುಧವಾಗುತ್ತದೆ. "ಅವರೊಡನೆ ಮಾತನಾಡಿ ಬೇಡಿಕೆಯನ್ನು ಇತ್ಯರ್ಥಪಡಿಸಿ" ಎಂಬ ರೂಪದಲ್ಲಿ ಹೋದರೆ ಅದೇ ದೂರು ಮುಷ್ಕರದ ಬಲವಾಗುತ್ತದೆ. ಅಂದರೆ ಇಂತಹ ಹೋರಾಟಗಳಲ್ಲಿ ಬೀದಿಯ ನಿವಾಸಿ ಪಕ್ಕದಲ್ಲಿ ನಿಂತು ನೋಡುವವನಾಗಿರಲು ಸಾಧ್ಯವೇ ಇಲ್ಲ. ಸುಮ್ಮನಿದ್ದರೂ, ಸಿಡುಕಿದರೂ ಅವನು ಒಂದು ಪಕ್ಷಕ್ಕೆ ಸೇರಿಯೇ ಇರುತ್ತಾನೆ. ಶಾಲೆಯ ಮುಖ ಕಾಣದ ಅಕ್ಕ ಇದನ್ನು ಎರಡು ವಾಕ್ಯಗಳಲ್ಲಿ ಹೇಳಿ ಗಾಡಿಯನ್ನು ತಳ್ಳಿಕೊಂಡು ಮುಂದೆ ಹೋದರು.

ನಾನು ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತಿಯಾದ ಮನುಷ್ಯ. ನಮ್ಮದೂ ಸಂಘಟಿತ ನೌಕರವರ್ಗ. ಮುಷ್ಕರದ ದಿನ ಒಂದು ದಿನದ ಸಂಬಳ ಕಡಿತವಾಗುತ್ತದೆ ಎಂಬ ನೋವಿದ್ದರೂ, ಮರುದಿನ ಅದೇ ಕುರ್ಚಿ ಅಲ್ಲಿಯೇ ಇರುತ್ತದೆ ಎಂಬ ಭರವಸೆ ನಮಗಿತ್ತು. ಈ ಹೆಣ್ಣುಮಕ್ಕಳಿಗೆ ಆ ಭರವಸೆ ಇರಲಿಲ್ಲ. ಹಲವು ವರ್ಷ ದುಡಿದಿದ್ದರೂ ಅವರ ಕೈಯಲ್ಲಿ ನೇಮಕಾತಿ ಪತ್ರವೆಂಬ ಒಂದು ಹಾಳೆ ಇರಲಿಲ್ಲ. ಆದ್ದರಿಂದ ಅವರು ಪೊರಕೆಯನ್ನು ಕೆಳಗಿಟ್ಟು ಹೊರಟದ್ದನ್ನು ನಾನು ನಮ್ಮ ಬ್ಯಾಂಕಿನ ಮುಷ್ಕರಗಳ ಜೊತೆ ಹೋಲಿಸಲಾರೆ. ಅದಕ್ಕೆ ಬೇಕಾದ ಧೈರ್ಯವೇ ಬೇರೆ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ್ದು ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಸಚಿವ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರ ಕಾಲದಲ್ಲಿ. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ನೇತೃತ್ವದ ಸಮಿತಿ ಪೌರಕಾರ್ಮಿಕರ ಸ್ಥಿತಿಗತಿಗಳನ್ನು ಅಧ್ಯಯನ ಮಾಡಿ, ಪ್ರತಿ 500 ಜನಸಂಖ್ಯೆಗೆ ಒಬ್ಬರಂತೆ ಪೌರಕಾರ್ಮಿಕರಿರಬೇಕೆಂದು ಶಿಫಾರಸು ಮಾಡಿತು. ಪೌರಕಾರ್ಮಿಕರ ಸಂಘದವರ ಬಾಯಲ್ಲಿ "ಸಾಲಪ್ಪ ವರದಿ" ಎಂಬ ಮಾತು ಇಂದಿಗೂ ಬರುತ್ತಲೇ ಇರುತ್ತದೆ. ಆದರೆ ಬೆಂಗಳೂರು ಬೆಳೆದ ವೇಗದಲ್ಲಿ ಕಾಯಂ ಹುದ್ದೆಗಳು ಬೆಳೆಯಲಿಲ್ಲ. ತೊಂಬತ್ತರ ದಶಕದಿಂದ ಈ ಕೆಲಸ ಗುತ್ತಿಗೆದಾರರ ಕೈಸೇರಿತು. ಗುತ್ತಿಗೆದಾರನ ಲೆಕ್ಕದಲ್ಲಿ ಎಷ್ಟು ಜನರಿದ್ದರು, ಬೀದಿಯಲ್ಲಿ ಎಷ್ಟು ಜನರಿದ್ದರು, ಭವಿಷ್ಯನಿಧಿಗೆ ಕಡಿತ ಮಾಡಿದ ಹಣ ಎಲ್ಲಿ ಹೋಯಿತು ಎಂಬ ಪ್ರಶ್ನೆಗಳು ವರ್ಷಗಟ್ಟಲೆ ಕೇಳಿಬಂದವು. ಈ ಕೆಲಸ ಮಾಡುವವರಲ್ಲಿ ಬಹುಪಾಲು ದಲಿತ ಮಹಿಳೆಯರು ಎಂಬುದನ್ನು ಬಿಟ್ಟು ಈ ಕಥೆಯನ್ನು ಹೇಳಲು ಬರುವುದಿಲ್ಲ. ಕೆಲಸದ ಕೂಲಿ ಯಾಕೆ ಇಷ್ಟು ಕಡಿಮೆ, ಅದನ್ನು ಕೇಳುವವರು ಯಾಕೆ ಇಷ್ಟು ಕಡಿಮೆ ಎಂಬೆರಡಕ್ಕೂ ಉತ್ತರ ಅಲ್ಲಿಯೇ ಇದೆ.

ಸಂಘದ ದೀರ್ಘ ಹೋರಾಟದ ಫಲವಾಗಿ 2017ರಲ್ಲಿ ಸರ್ಕಾರ ಬೀದಿ ಗುಡಿಸುವವರನ್ನು ಗುತ್ತಿಗೆಯಿಂದ ಬಿಡಿಸಲು ನಿರ್ಧರಿಸಿತು. ಪಾಲಿಕೆಯೇ ಅವರ ಬ್ಯಾಂಕ್ ಖಾತೆಗೆ ವೇತನ ಹಾಕುವ ವ್ಯವಸ್ಥೆ ಬಂತು. ಅದಕ್ಕೆ "ನೇರ ಪಾವತಿ" ಎಂದು ಹೆಸರು. ಅದು ದೊಡ್ಡ ಹೆಜ್ಜೆಯೇ ಹೌದು. ಆದರೂ ಬದಲಾವಣೆಯ ಆರಂಭದ ತಿಂಗಳುಗಳಲ್ಲಿ ಬಯೋಮೆಟ್ರಿಕ್ ಹಾಜರಾತಿಯ ಗೊಂದಲದ ನಡುವೆ ಸಾವಿರಾರು ಜನರಿಗೆ ವೇತನ ನಿಂತಿತು, ಮತ್ತು 2018ರ ಜುಲೈನಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದ ಒಬ್ಬ ಪೌರಕಾರ್ಮಿಕ ಪ್ರಾಣ ಕಳೆದುಕೊಂಡರು. ನೇರ ಪಾವತಿಯಲ್ಲಿ ಗುತ್ತಿಗೆದಾರ ಹೋದ, ನಿಜ; ಆದರೆ ಕೆಲಸ ತಾತ್ಕಾಲಿಕವಾಗಿಯೇ ಉಳಿಯಿತು. ಕಾಯಂ ಪೌರಕಾರ್ಮಿಕರೂ ನೇರ ಪಾವತಿಯವರೂ ಒಂದೇ ಬೀದಿಯನ್ನು ಒಂದೇ ಪೊರಕೆಯಿಂದ ಗುಡಿಸುತ್ತಿದ್ದರೂ ಒಬ್ಬರಿಗೆ ಪಿಂಚಣಿ, ರಜೆ, ಬಡ್ತಿ; ಇನ್ನೊಬ್ಬರಿಗೆ ಅರವತ್ತು ತುಂಬಿದ ದಿನ ಬರಿಗೈ. ನಮ್ಮ ಅಕ್ಕನಿಗೆ 2022ರಲ್ಲಿ ಕೈಗೆ ಬರುತ್ತಿದ್ದುದು ಹದಿನಾಲ್ಕು ಸಾವಿರ ಚಿಲ್ಲರೆ ಎಂದು ಆಕೆಯೇ ಹೇಳಿದ್ದರು. ಅದರಲ್ಲಿ ಮೂರನೆಯ ಒಂದು ಭಾಗ ಮನೆ ಬಾಡಿಗೆಗೆ ಹೋಗುತ್ತಿತ್ತು.

ಮುಷ್ಕರದ ಬೇಡಿಕೆ ಆದ್ದರಿಂದ ಒಂದೇ ಒಂದು ಪದದಲ್ಲಿತ್ತು: ಕಾಯಂ. ಜೊತೆಗೆ ಕುಡಿಯುವ ನೀರು, ಶೌಚಾಲಯ, ವಿಶ್ರಾಂತಿಗೆ ಜಾಗ, ಹೆರಿಗೆ ರಜೆ, ಮೇಲ್ವಿಚಾರಕರಿಂದ ಆಗುವ ಕಿರುಕುಳಕ್ಕೆ ತಡೆ ಎಂಬ ಬೇಡಿಕೆಗಳಿದ್ದವು. ಪಾಲಿಕೆಯ ಪೌರಕಾರ್ಮಿಕರ ಸಂಘ ಜುಲೈ 1ರಂದು ಕೆಲಸ ನಿಲ್ಲಿಸಿ ಅನಿರ್ದಿಷ್ಟಾವಧಿ ಧರಣಿಗೆ ಕರೆ ಕೊಟ್ಟಿತ್ತು. ರಾಜ್ಯದ ಬೇರೆ ನಗರಗಳಲ್ಲಿಯೂ ಪೌರಕಾರ್ಮಿಕರು ಬೀದಿಗೆ ಇಳಿದಿದ್ದರು.

ಮೊದಲ ದಿನ ನಮ್ಮ ಬೀದಿಯಲ್ಲಿ ಏನೂ ಆದಂತೆ ಕಾಣಲಿಲ್ಲ. ಹೊಂಗೆ ಮರದ ಎಲೆಗಳು ಸ್ವಲ್ಪ ಹೆಚ್ಚಾಗಿ ಬಿದ್ದಿದ್ದವು, ಅಷ್ಟೆ. ಶನಿವಾರ ಕಸದ ಆಟೋ ಕೂಡ ಬರಲಿಲ್ಲ. ಅಂದು ಸಂಜೆಯ ಹೊತ್ತಿಗೆ ಮೂಲೆಯ ಟ್ರಾನ್ಸ್‌ಫಾರ್ಮರಿನ ಕೆಳಗೆ ಪ್ಲಾಸ್ಟಿಕ್ ಚೀಲಗಳ ಗುಡ್ಡೆ ಎದ್ದಿತು, ರಾತ್ರಿ ಮಳೆ ಹನಿಯಿತು, ನಾಯಿಗಳು ಚೀಲಗಳನ್ನು ಹರಿದವು. ಆ ಮೂಲೆಯಲ್ಲಿ ಪ್ರತಿ ದಿನವೂ ಯಾರೋ ಕದ್ದು ಚೀಲ ಎಸೆಯುತ್ತಿದ್ದರು ಮತ್ತು ಪ್ರತಿ ದಿನವೂ ಬೆಳಿಗ್ಗೆ ಏಳರೊಳಗೆ ಅಕ್ಕ ಅದನ್ನು ಎತ್ತಿಬಿಡುತ್ತಿದ್ದರು ಎಂಬುದು ನಮಗೆ ಅಂದು ಗೊತ್ತಾಯಿತು. ಹನ್ನೊಂದು ವರ್ಷ ನಮ್ಮ ತಪ್ಪನ್ನು ನಾವು ಏಳುವ ಮೊದಲೇ ಅಳಿಸಿಹಾಕುತ್ತಿದ್ದ ಕೈ ಅದು.

ಶನಿವಾರ ರಾತ್ರಿಯೇ ನಿವಾಸಿಗಳ ಸಂಘದ ವಾಟ್ಸ್ಆ್ಯಪ್ ಗುಂಪು ಕಾವೇರಿತು. ಇದನ್ನು ಪ್ರಾಮಾಣಿಕವಾಗಿ ಬರೆಯಬೇಕೆಂದಿದ್ದೇನೆ, ಏಕೆಂದರೆ ನಮ್ಮ ಬಡಾವಣೆಯವರೆಲ್ಲ ಒಂದೇ ಮನಸ್ಸಿನಿಂದ ಕಾರ್ಮಿಕರ ಪರ ನಿಂತರು ಎಂದರೆ ಅದು ಸುಳ್ಳಾಗುತ್ತದೆ. ಖಾಸಗಿಯಾಗಿ ಒಂದು ಟೆಂಪೋವನ್ನೂ ನಾಲ್ಕು ಜನ ಆಳುಗಳನ್ನೂ ಗೊತ್ತುಮಾಡಿ, ಮನೆಗೆ ಇಷ್ಟೆಂದು ವಂತಿಗೆ ಹಾಕಿ, ಬೀದಿ ಗುಡಿಸಿಸಿಬಿಡೋಣ ಎಂಬ ಸಲಹೆ ಬಂತು. ಅದನ್ನು ಕೊಟ್ಟವರು ಕೆಟ್ಟವರಲ್ಲ. ಅವರ ಮನೆಯಲ್ಲಿ ಉಬ್ಬಸದ ರೋಗಿಯೊಬ್ಬರಿದ್ದರು. ಹಾಸ್ಟೆಲ್ ಮಾದರಿಯ ವಸತಿಗೃಹವನ್ನು ನಡೆಸುವ ಮಹಿಳೆಯೊಬ್ಬರು, ಐವತ್ತಕ್ಕೂ ಹೆಚ್ಚು ಹುಡುಗಿಯರ ಊಟದ ಉಳಿಕೆಯನ್ನು ಎರಡು ದಿನ ಮನೆಯೊಳಗೆ ಇಟ್ಟುಕೊಳ್ಳುವುದು ಹೇಗೆಂದು ಕೇಳಿದರು. ತಿಂಡಿ ಗಾಡಿಯ ಯಜಮಾನರದೂ ಅದೇ ಕಷ್ಟ. ಬೆಂಬಲವೆಂಬುದು ಭಾವನೆಯ ವಿಷಯವೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ನಿಜವಾಗಿ ಅದು ಈ ಮಹಿಳೆಯ ಐವತ್ತು ಊಟದ ಉಳಿಕೆಯನ್ನು ಎಲ್ಲಿಗೆ ಸೇರಿಸಬೇಕು ಎಂಬ ಪ್ರಶ್ನೆಯಾಗಿತ್ತು.

ಭಾನುವಾರ ಬೆಳಿಗ್ಗೆ ಗಣಪತಿ ದೇವಸ್ಥಾನದ ಜಗಲಿಯಲ್ಲಿ ಸುಮಾರು ಮೂವತ್ತು ಜನ ಸೇರಿದೆವು. ಟೆಂಪೋದ ಮಾತು ಮೊದಲು ಬಂತು. ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ನಿಂತು, ಆ ನಾಲ್ಕು ಜನ ಆಳುಗಳು ಎಲ್ಲಿಂದ ಬರುತ್ತಾರೆ ಎಂದು ಕೇಳಿದರು. ಬರುವುದು ಅದೇ ಕೊಳಗೇರಿಯಿಂದ, ಬಹುಶಃ ಅದೇ ಅಕ್ಕಂದಿರ ಬಂಧುಬಳಗದಿಂದ. ಒಂದು ದಿನದ ಕೂಲಿಗಾಗಿ ತಮ್ಮವರ ಹೋರಾಟವನ್ನೇ ಮುರಿಯುವ ಸ್ಥಿತಿಗೆ ನಾವು ಅವರನ್ನು ತಳ್ಳಬೇಕೇ ಎಂಬುದು ಅವರ ಪ್ರಶ್ನೆ. ಜಗಲಿಯಲ್ಲಿ ಯಾರೂ ಮಾತನಾಡಲಿಲ್ಲ. ಟೆಂಪೋದ ಸಲಹೆ ಅಲ್ಲಿಗೇ ಬಿದ್ದುಹೋಯಿತು.

ಆಮೇಲೆ ಕಸದ ಲೆಕ್ಕಕ್ಕೆ ಕುಳಿತೆವು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಬಂದ್ ಆದಾಗ ನಗರವೆಲ್ಲ ನಾರಿದ್ದು ನಮ್ಮಲ್ಲಿ ಹಲವರಿಗೆ ನೆನಪಿತ್ತು. ಹಸಿ ಕಸ, ಒಣ ಕಸ ಎಂದು ಬೇರ್ಪಡಿಸುವುದನ್ನು ನಾವು ಕಲಿಯಲು ಆರಂಭಿಸಿದ್ದು ಆ ಕಾಲದಲ್ಲಿ. ಮುಂದೆ 2015ರ ಡಿಸೆಂಬರಿನಲ್ಲಿ ಹೈಕೋರ್ಟಿನ ಆದೇಶ ಬಂದ ಮೇಲೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ರೂಢಿಗೆ ಬಂತು. ಆ ಅಭ್ಯಾಸ ಈಗ ಕೈಹಿಡಿಯಿತು. ಒಣ ಕಸವನ್ನು ಎಷ್ಟು ದಿನ ಬೇಕಾದರೂ ಮನೆಯಲ್ಲಿ ಇಡಬಹುದು. ಅದರಿಂದ ಯಾರಿಗೂ ತೊಂದರೆಯಿಲ್ಲ. ಹಸಿ ಕಸಕ್ಕೆ ಗೊಬ್ಬರದ ಮಡಕೆಗಳಿದ್ದ ಹನ್ನೆರಡು ಮನೆಗಳವರು ಪಕ್ಕದ ಎರಡೆರಡು ಮನೆಗಳ ಕಸವನ್ನು ತೆಗೆದುಕೊಳ್ಳಲು ಒಪ್ಪಿದರು. ಉದ್ಯಾನದ ಎಲೆಗುಂಡಿಯಲ್ಲಿ ವಸತಿಗೃಹದ ಊಟದ ಉಳಿಕೆಯನ್ನು ಒಣ ಎಲೆ, ತೆಂಗಿನ ನಾರಿನ ಪುಡಿ ಹಾಕಿ ಮುಚ್ಚುವುದೆಂದು ತೀರ್ಮಾನವಾಯಿತು. ಅನ್ನ, ಸಾಂಬಾರನ್ನು ಹಾಗೆ ಹೂಳಿದರೆ ಇಲಿ ಬರುತ್ತದೆಂದು ಒಬ್ಬರು ಎಚ್ಚರಿಸಿದ್ದರಿಂದ ಮೇಲೆ ಕಡಪಾ ಕಲ್ಲಿನ ಎರಡು ಚಪ್ಪಡಿಗಳನ್ನು ಎಳೆದು ಹಾಕಿದೆವು. ಟ್ರಾನ್ಸ್‌ಫಾರ್ಮರಿನ ಮೂಲೆಯ ಗುಡ್ಡೆಯನ್ನು ಮಾತ್ರ ನಾವು ಮುಟ್ಟಲಿಲ್ಲ. ನಾವೇ ಅದನ್ನು ಎತ್ತಿ ಬೀದಿಯನ್ನು ಚೊಕ್ಕಟವಾಗಿಸಿದರೆ ಮುಷ್ಕರವೇ ಕಾಣದಂತಾಗುತ್ತದೆ ಎಂಬ ವಾದವನ್ನು ಕಾಲೇಜಿನ ಹುಡುಗಿಯೊಬ್ಬಳು ಮುಂದಿಟ್ಟಳು. ನಾಯಿಗಳು ಎಳೆಯದಂತೆ ಮೇಲೆ ಒಂದು ತಾಡಪಾಲನ್ನು ಹೊದಿಸಿ, ಕಲ್ಲಿಟ್ಟು, ಅಲ್ಲಿಯೇ ಬಿಟ್ಟೆವು. ಅವಳ ಮಾತು ಸರಿಯಾಗಿತ್ತೆಂದು ನಾನು ಈಗಲೂ ನಂಬುತ್ತೇನೆ.

ದೂರಿನ ವಿಷಯದಲ್ಲಿ ಅಕ್ಕ ಹೇಳಿದಂತೆಯೇ ನಡೆದುಕೊಂಡೆವು. ಪಾಲಿಕೆಯ ಸಹಾಯ ಆ್ಯಪಿನಲ್ಲಿ "ಬೀದಿ ಗುಡಿಸಿಲ್ಲ" ಎಂದು ದೂರು ದಾಖಲಿಸುವಾಗ, ಅದಕ್ಕೆ ಕಾರಣ ಪಾಲಿಕೆ ತನ್ನ ಕಾರ್ಮಿಕರನ್ನು ಕಾಯಂ ಮಾಡದಿರುವುದು ಎಂದು ವಿವರದಲ್ಲಿ ಬರೆಯಲು ಎಲ್ಲರಿಗೂ ಒಂದೇ ಒಕ್ಕಣೆಯನ್ನು ಹಂಚಿದೆವು. ನಂತರ ಒಂದು ಪತ್ರ ಬರೆದೆವು. ಅದನ್ನು ಯಾರಿಗೆ ಬರೆಯಬೇಕೆಂಬುದೇ ಸಮಸ್ಯೆಯಾಯಿತು. ಬೇರೆ ಕಾಲವಾಗಿದ್ದರೆ ವಾರ್ಡಿನ ಕಾರ್ಪೊರೇಟರ್ ಮನೆಗೆ ಹೋಗುತ್ತಿದ್ದೆವು. ಆದರೆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿಯೇ ಮುಗಿದಿತ್ತು, ಹೊಸ ಚುನಾವಣೆ ನಡೆದಿರಲಿಲ್ಲ. ನಮ್ಮ ಬೀದಿಯ ಮತ ಕೇಳಿ ಬಂದವರು, ನಾಳೆ ಮತ್ತೆ ಕೇಳಬೇಕಾದವರು ಎಂಬ ಯಾರೂ ಆ ಕಟ್ಟಡದಲ್ಲಿರಲಿಲ್ಲ. ಇಂತಹ ಸಮಯದಲ್ಲಿಯೇ ನಗರಕ್ಕೆ ಚುನಾಯಿತ ಪ್ರತಿನಿಧಿಗಳಿಲ್ಲದಿರುವುದರ ನಷ್ಟ ಕಾಣುವುದು. ಕಾರ್ಮಿಕರ ಅಹವಾಲಿಗೂ ನಿವಾಸಿಗಳ ಅಹವಾಲಿಗೂ ಬಾಗಿಲು ಒಂದೇ ಆಗಿರಬೇಕಿತ್ತು, ಆ ಬಾಗಿಲೇ ಮುಚ್ಚಿತ್ತು. ಕೊನೆಗೆ ಮುಖ್ಯ ಆಯುಕ್ತರಿಗೂ ಮುಖ್ಯಮಂತ್ರಿಗಳಿಗೂ ಪತ್ರವನ್ನು ಉದ್ದೇಶಿಸಿದೆವು. ನಲವತ್ತಕ್ಕೂ ಹೆಚ್ಚು ಮನೆಗಳವರು ಸಹಿ ಹಾಕಿದರು. ಟೆಂಪೋ ತರಿಸೋಣ ಎಂದಿದ್ದವರೂ ಹಾಕಿದರು.

ಆ ಪತ್ರದ ಕರಡು ಬರೆಯುವಾಗ ಒಬ್ಬ ವಕೀಲರು ಒಂದು ತೊಡಕನ್ನು ವಿವರಿಸಿದರು. 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಕ್ರಮಬದ್ಧವಾದ ನೇಮಕಾತಿಯ ಮೂಲಕ ಬರದ ತಾತ್ಕಾಲಿಕ ನೌಕರರಿಗೆ ಕಾಯಮಾತಿಯನ್ನು ಹಕ್ಕೆಂದು ಕೇಳಲು ಬರುವುದಿಲ್ಲ. ಆ ಪ್ರಕರಣ ಹುಟ್ಟಿದ್ದೂ ಕರ್ನಾಟಕದಲ್ಲಿಯೇ. ಅಧಿಕಾರಿಗಳು ಪ್ರತಿ ಬಾರಿಯೂ ಈ ತೀರ್ಪನ್ನು ಮುಂದೊಡ್ಡುತ್ತಾರೆ. ಆದರೆ ಸರ್ಕಾರ ಹುದ್ದೆಗಳನ್ನು ಸೃಷ್ಟಿಸಿ, ವಿಶೇಷ ನೇಮಕಾತಿ ನಿಯಮಗಳನ್ನು ರೂಪಿಸಿ, ಈಗಾಗಲೇ ದುಡಿಯುತ್ತಿರುವವರನ್ನೇ ಆ ಮೂಲಕ ತೆಗೆದುಕೊಳ್ಳಲು ಯಾವ ತೀರ್ಪೂ ಅಡ್ಡಿಯಲ್ಲ ಎಂದು ಅವರು ಹೇಳಿದರು. ನಮ್ಮ ಪತ್ರದಲ್ಲಿ "ದಯಮಾಡಿ" ಎಂಬ ಪದವನ್ನು ಹೊಡೆದುಹಾಕಿ "ನೇಮಕಾತಿ ನಿಯಮಗಳನ್ನು ಕಾಲಮಿತಿಯೊಳಗೆ ರೂಪಿಸಬೇಕು" ಎಂಬ ವಾಕ್ಯವನ್ನು ಸೇರಿಸಿದ್ದು ಅವರೇ.

ಭಾನುವಾರ ಮಧ್ಯಾಹ್ನ ನಾವು ಎಂಟು ಜನ ಆ ಪತ್ರದ ಪ್ರತಿಯನ್ನು ಹಿಡಿದು ಫ್ರೀಡಂ ಪಾರ್ಕಿಗೆ ಹೋದೆವು. ಅದು ಹಿಂದೆ ಸೆಂಟ್ರಲ್ ಜೈಲಾಗಿತ್ತು; ತುರ್ತುಪರಿಸ್ಥಿತಿಯ ಕಾಲದಲ್ಲಿ ದೇಶದ ದೊಡ್ಡ ನಾಯಕರನ್ನು ಇಟ್ಟಿದ್ದ ಜಾಗ. ಈಗ ನಗರದಲ್ಲಿ ಪ್ರತಿಭಟನೆಯೆಂದರೆ ಅಲ್ಲಿಯೇ ಕೂರಬೇಕು. ಒದ್ದೆ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸಾವಿರಾರು ಹೆಂಗಸರು ಸಮವಸ್ತ್ರದ ಕೋಟಿನಲ್ಲಿಯೇ ಕುಳಿತಿದ್ದರು. ಮಡಿಲಲ್ಲಿ ಮಕ್ಕಳು, ಕೈಯಲ್ಲಿ ಅಂಬೇಡ್ಕರರ ಚಿತ್ರಗಳು. ಕನ್ನಡವೂ ತೆಲುಗೂ ಬೆರೆತ ಮಾತು ಎಲ್ಲ ಕಡೆಯಿಂದಲೂ ಕೇಳಿಬರುತ್ತಿತ್ತು. ವಿದ್ಯಾರ್ಥಿಗಳು ನೀರಿನ ಕ್ಯಾನುಗಳನ್ನು ಹೊತ್ತು ತರುತ್ತಿದ್ದರು. ನಮ್ಮ ಅಕ್ಕನನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ನಮ್ಮನ್ನು ಅಲ್ಲಿ ಕಂಡಾಗ ಆಕೆ ಮೊದಲು ಗಾಬರಿಯಾದರು. ಬೀದಿಯಲ್ಲಿ ಏನೋ ಅನಾಹುತವಾಗಿರಬೇಕು, ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದು ಎಣಿಸಿದ್ದರಂತೆ. ಪತ್ರವನ್ನು ಸಂಘದವರಿಗೆ ಕೊಟ್ಟೆವು. ಅವರು ಅದನ್ನು ಧ್ವನಿವರ್ಧಕದಲ್ಲಿ ಓದಿದರು. ಬಡಾವಣೆಯ ಹೆಸರು ಬಂದಾಗ ಅಕ್ಕ ತಮ್ಮ ಪಕ್ಕದಲ್ಲಿದ್ದವರ ತೋಳನ್ನು ಹಿಡಿದು, "ನಮ್ಮ ರೋಡು, ನಮ್ಮ ರೋಡು" ಎಂದು ಎರಡು ಸಲ ಹೇಳಿದರು.

ಅಲ್ಲಿ ಕುಳಿತಿದ್ದಾಗ ಅವರ ಜೊತೆಗಾರ್ತಿಯೊಬ್ಬರು ಹೇಳಿದ ಒಂದು ಮಾತನ್ನು ಬರೆಯದೆ ಇರಲಾರೆ. ಕೊರೊನಾ ಲಾಕ್‌ಡೌನಿನಲ್ಲಿ ಜನ ತಮ್ಮ ಕೊರಳಿಗೆ ಹಾರ ಹಾಕಿದ್ದರು, ಆದರೆ ಆ ಬೀದಿಗಳಲ್ಲಿ ಶೌಚಕ್ಕೆ ಹೋಗಲು ಒಂದು ಮನೆಯ ಬಾಗಿಲೂ ತೆರೆಯಲಿಲ್ಲ ಎಂದು ಅವರು ಹೇಳಿದರು. ಬೆಳಿಗ್ಗೆ ಆರೂವರೆಗೆ ಮಸ್ಟರಿಗೆ, ಅಂದರೆ ಹಾಜರಾತಿಗೆ, ಬಂದವರು ಮಧ್ಯಾಹ್ನದವರೆಗೂ ನೀರು ಕುಡಿಯದೆ ಇರುತ್ತಾರೆ, ಕುಡಿದರೆ ಎಲ್ಲಿಗೆ ಹೋಗುವುದೆಂಬ ಭಯದಿಂದ. ನಾನು ತಲೆ ತಗ್ಗಿಸಿದೆ. ನಮ್ಮ ಮನೆಯಲ್ಲಿಯೇ, ನನ್ನ ತಾಯಿ ಬದುಕಿದ್ದ ಕಾಲದಲ್ಲಿ, ಬೀದಿ ಗುಡಿಸುವವರು ನೀರು ಕೇಳಿದರೆ ಗೇಟಿನೊಳಗಿನಿಂದ ಚೊಂಬನ್ನು ಎತ್ತಿ ಅವರ ಬೊಗಸೆಗೆ ಸುರಿಯುತ್ತಿದ್ದರು. ನಾನು ಅದನ್ನು ನೋಡುತ್ತ ಬೆಳೆದೆ, ಬ್ಯಾಂಕಿನ ಸಂಘದ ಸಭೆಗಳಲ್ಲಿ ಸಮಾನತೆಯ ಮಾತನ್ನಾಡಿದೆ, ಮನೆಗೆ ಬಂದು ಅದರ ಬಗ್ಗೆ ಒಂದು ದಿನವೂ ತುಟಿ ಬಿಚ್ಚಲಿಲ್ಲ. ದೀಪಾವಳಿಗೆ ಸೀರೆ ಕೊಡುತ್ತಿದ್ದೆವು. ಅದನ್ನೇ ದೊಡ್ಡದೆಂದು ನಂಬಿದ್ದೆವು.

ಸೋಮವಾರ, ಜುಲೈ 4ರಂದು, ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಸರ್ಕಾರ ಲಿಖಿತ ಭರವಸೆ ಕೊಟ್ಟಿತು. ಕಾಯಮಾತಿಯ ಬಗ್ಗೆ ಸಮಿತಿ ರಚಿಸಿ ಮೂರು ತಿಂಗಳೊಳಗೆ ತೀರ್ಮಾನಿಸುವುದಾಗಿ ಒಪ್ಪಿದ ಮೇಲೆ ಸಂಘ ಮುಷ್ಕರವನ್ನು ಹಿಂತೆಗೆದುಕೊಂಡಿತು. ಬಾಯಿಮಾತಿನ ಭರವಸೆಗೆ ಅವರು ಮೊದಲ ದಿನವೇ ಏಳಲಿಲ್ಲ, ಕಾಗದ ಬರುವವರೆಗೂ ಕುಳಿತಿದ್ದರು ಎಂಬುದು ಇಲ್ಲಿ ಮುಖ್ಯ. ಮಂಗಳವಾರ ಬೆಳಿಗ್ಗೆ ಅಕ್ಕ ಬಂದರು. ಟ್ರಾನ್ಸ್‌ಫಾರ್ಮರಿನ ಮೂಲೆಯ ತಾಡಪಾಲನ್ನು ತೆಗೆದು ನೋಡಿ, ಏನನ್ನೂ ಹೇಳದೆ, ಕೆಲಸ ಶುರು ಮಾಡಿದರು. ಅಂದು ಬೀದಿಯ ಆರೇಳು ಜನ ಕೈಗವಸು ಹಾಕಿಕೊಂಡು ಅವರ ಜೊತೆಗೆ ಸೇರಿ ಆ ಗುಡ್ಡೆಯನ್ನು ಎತ್ತಿದೆವು.

ಮುಂದಿನ ಕಥೆ ನಿಧಾನವಾಗಿ ಸಾಗಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ 11,133 ಪೌರಕಾರ್ಮಿಕರನ್ನು ಮೊದಲ ಹಂತದಲ್ಲಿ ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ಬೆಂಗಳೂರಿನ ಪಾಲಿಗೆ ಬಂದದ್ದು 3,673. ನಮ್ಮ ಅಕ್ಕನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಉಳಿದವರಿಗಾಗಿ ಮತ್ತೆ ಅರ್ಜಿ, ಮತ್ತೆ ಧರಣಿ, ಮತ್ತೆ ದಾಖಲೆಗಳ ಪರಿಶೀಲನೆ. ಜಾತಿ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಸೇವಾವಧಿಯ ದಾಖಲೆ ಎಂದು ಒಂದೊಂದಕ್ಕೂ ಕಚೇರಿಯಿಂದ ಕಚೇರಿಗೆ ಅಲೆದಾಟ. ಆಧಾರ್ ಕಾರ್ಡಿನಲ್ಲಿ ಒಂದು ಹುಟ್ಟಿದ ವರ್ಷ, ಪಡಿತರ ಚೀಟಿಯಲ್ಲಿ ಇನ್ನೊಂದು. ಇಂತಹ ಒಂದೊಂದು ಅಂಕಿಯ ಮೇಲೆ ಒಂದೊಂದು ಬದುಕು ನಿಂತಿತ್ತು. ನಮ್ಮ ಬೀದಿಯ ಬೆಂಬಲ ನಿಜವಾಗಿ ಉಪಯೋಗಕ್ಕೆ ಬಂದದ್ದು ಮುಷ್ಕರದ ನಾಲ್ಕು ದಿನಗಳಿಗಿಂತ ಈ ಎರಡೂವರೆ ವರ್ಷಗಳಲ್ಲಿ ಎಂದು ನನಗನ್ನಿಸುತ್ತದೆ. ವಕೀಲರು ಪ್ರಮಾಣಪತ್ರಗಳನ್ನು ಬರೆದುಕೊಟ್ಟರು. ಶಿಕ್ಷಕಿ ತಮ್ಮ ಸ್ಕೂಟರಿನಲ್ಲಿ ಅಕ್ಕನನ್ನು ತಾಲ್ಲೂಕು ಕಚೇರಿಗೆ ಕೂರಿಸಿಕೊಂಡು ಹೋದರು. ನಾನು ಬ್ಯಾಂಕಿನಲ್ಲಿ ಕಲಿತ ವಿದ್ಯೆಯಿಂದ ಹತ್ತು ಜನರ ಪಾಸ್‌ಪುಸ್ತಕ, ಭವಿಷ್ಯನಿಧಿಯ ಲೆಕ್ಕಗಳನ್ನು ತಾಳೆ ನೋಡಿದೆ; ಗುತ್ತಿಗೆಯ ಕಾಲದ ಹಲವು ತಿಂಗಳ ಕಂತುಗಳು ಎಲ್ಲಿಯೂ ಸಿಗಲಿಲ್ಲ. ಬೀದಿಯ ಎರಡು ಮನೆಗಳವರು ಹೊರಗಿನ ಶೌಚಾಲಯದ ಬೀಗದ ಕೈಯನ್ನು ಅಕ್ಕಂದಿರಿಗೆ ಕೊಟ್ಟರು. ಅದರಲ್ಲಿ ಒಂದು ನಮ್ಮ ಮನೆ.

2025ರ ಮೇ 1ರಂದು, ಕಾರ್ಮಿಕರ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಮಾತಿಯ ಪತ್ರ ನೀಡುವ ಕಾರ್ಯಕ್ರಮ ನಡೆಯಿತು. ಅಕ್ಕ ಮರುದಿನ ಆ ಪತ್ರವನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದು, ಹೊರಗೆ ತೆಗೆಯದೆ, ಕವರಿನ ಮೇಲಿನಿಂದಲೇ ತೋರಿಸಿದರು. ನನ್ನ ಹೆಸರು ಎಲ್ಲೈತೆ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಆ ಅಕ್ಷರಗಳ ಮೇಲೆ ತಾವೂ ಬೆರಳಾಡಿಸಿದರು. ಆಕೆಯ ಜೊತೆ ಹನ್ನೆರಡು ವರ್ಷ ಇದೇ ಬೀದಿಯನ್ನು ಗುಡಿಸಿದ ಹಿರಿಯ ಹೆಣ್ಣುಮಗಳಿಗೆ ಆ ಹೊತ್ತಿಗೆ ಅರವತ್ತು ದಾಟಿತ್ತು. ಅವರಿಗೆ ಪತ್ರ ಬರಲಿಲ್ಲ. ಅವರು ಈಗ ಮಾರುಕಟ್ಟೆಯ ಬಳಿ ಹೂ ಕಟ್ಟುತ್ತಾರೆ.

ಈ ಬರಹಕ್ಕೆ ಇನ್ನೂ ಒಂದು ಕಾರಣವಿದೆ. ಬೀದಿ ಗುಡಿಸುವವರು ಕಾಯಂ ಆದರೂ, ಮನೆಮನೆಯ ಕಸ ಸಂಗ್ರಹಿಸುವ ಆಟೋ ಚಾಲಕರು, ಸಹಾಯಕರು, ಲಾರಿಗೆ ಕಸ ತುಂಬುವ ಲೋಡರುಗಳು 2017ರ ತೀರ್ಮಾನದಿಂದ ಹೊರಗೇ ಉಳಿದಿದ್ದರು; ಗುತ್ತಿಗೆದಾರನ ಕೈಕೆಳಗೇ ದುಡಿಯುತ್ತ ಬಂದರು. ನಾವು ಬೇರ್ಪಡಿಸದೆ ಕೊಟ್ಟ ಕಸವನ್ನು ಬರಿಗೈಯಿಂದ ಬೇರ್ಪಡಿಸುವವರು ಅವರೇ. 2025ರ ಸೆಪ್ಟೆಂಬರಿನಿಂದ ಹಳೆಯ ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದಿವೆ. ಯಾರ ಹೊಣೆ ಯಾರದೆಂದು ಕೇಳಲು ಹೋದರೆ ಈಗ ಬಾಗಿಲುಗಳು ಹೆಚ್ಚಾಗಿವೆ.

ಕಳೆದ ವಾರ ನಮ್ಮ ಬೀದಿಯ ಕಸದ ಆಟೋದ ಸಹಾಯಕ, ಇಪ್ಪತ್ತೆರಡು ವರ್ಷದ ಹುಡುಗ, ಬುಟ್ಟಿಯನ್ನು ಖಾಲಿ ಮಾಡಿ ವಾಪಸು ಕೊಡುವಾಗ ಸ್ವಲ್ಪ ಹಿಂಜರಿಯುತ್ತ, "ಅಕ್ಕಂದಿರಿಗೆ ನೀವೆಲ್ಲ ಸೇರಿ ಒಂದು ಲೆಟರ್ ಬರೆದಿದ್ದಿರಂತೆ. ನಮಗೂ ಬರೀತೀರಾ?" ಎಂದು ಕೇಳಿದ. ಎಷ್ಟು ತಿಂಗಳ ಸಂಬಳ ಬಾಕಿಯಿದೆ, ಸಂಬಳದ ಚೀಟಿ ಕೊಡುತ್ತಾರೆಯೇ, ನೌಕರರ ಆರೋಗ್ಯ ವಿಮೆಯ ಇ.ಎಸ್.ಐ. ಕಾರ್ಡಿದೆಯೇ ಎಂದು ವಿಚಾರಿಸಿದೆ. ಎರಡು ತಿಂಗಳ ಬಾಕಿ, ಚೀಟಿಯಿಲ್ಲ, ಕಾರ್ಡಿಲ್ಲ. ಇದೇ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ದೇವಸ್ಥಾನದ ಜಗಲಿಯಲ್ಲಿ ಮತ್ತೆ ಸೇರುತ್ತಿದ್ದೇವೆ. ಹುಡುಗ ತನ್ನ ಜೊತೆಯವರನ್ನೂ ಕರೆತರುತ್ತಾನೆ. ಅಕ್ಕ ತಾನೂ ಬರುವುದಾಗಿ ಹೇಳಿದ್ದಾರೆ.